ಬೆರಳಿಗೆ ಸುತ್ತಿದ ನೂಲು

ಮೊದಲು ಬೆಳ್ಳಗಾದದ್ದು ಬಲಗೈಯ ತೋರುಬೆರಳು.

ಬನಹಟ್ಟಿಯ ನಮ್ಮ ಓಣಿಯಲ್ಲಿ ಹಾಸು ಕಟ್ಟಿದ್ದೆವು. ಮಗ್ಗಕ್ಕೆ ಏರಿಸುವ ಎಳೆಗಳನ್ನು ಓಣಿಯ ಉದ್ದಕ್ಕೂ ಎಳೆದು ಕಟ್ಟಿ, ಗಂಜಿ ಹಚ್ಚಿ, ಅದು ಒಣಗುವುದರೊಳಗೆ ಹರಿದ ಎಳೆಗಳನ್ನು ಹುಡುಕಿ ಕೂಡಿಸಬೇಕು. ಊರೆಲ್ಲ ಪವರ್‌ಲೂಮ್ ಬಂದರೂ ನಮ್ಮದು ಇನ್ನೂ ಕೈಮಗ್ಗ. ಬಿಸಿಲು ಏರುವ ಮುಂಚೆಯೇ ಈ ಕೆಲಸ ಮುಗಿಯಬೇಕು, ಇಲ್ಲದಿದ್ದರೆ ಗಂಜಿ ಗಟ್ಟಿಯಾಗಿ ಎಳೆಗಳು ಪಟಪಟ ಹರಿಯುತ್ತವೆ. ಹಾಗಾಗಿ ಚಳಿಗಾಲದಲ್ಲಿ ಗಾಳಿಗೆ ಎದೆಯೊಡ್ಡಿ, ಒದ್ದೆ ಕೈಯಲ್ಲಿ, ಕೂದಲಿಗಿಂತ ಸಣ್ಣ ಎಳೆ ಹಿಡಿಯುವುದು ನಮಗೆ ಮಾಮೂಲು.

ಅವತ್ತು ಎಳೆ ಹಿಡಿದೆ ಅಂದುಕೊಂಡೆ. ಬೆರಳಲ್ಲಿ ಏನೂ ಇರಲಿಲ್ಲ. ನೋಡಿದರೆ ತೋರುಬೆರಳು ಅರ್ಧದವರೆಗೆ ಸುಣ್ಣದ ಹಾಗೆ ಬಿಳಿ.

ಪಕ್ಕದಲ್ಲಿದ್ದ ಅತ್ತೆ ನಕ್ಕರು. “ಏನ್ ಬೇ ಮಾದೇವಿ, ಬೆರಳಿಗೂ ವಿಭೂತಿ ಹಚಗೊಂಡಿಯೇನ?”

ಮುಂದೆ ಅದು ನೀಲಿಗೆ ತಿರುಗಿತು. ಆಮೇಲೆ ಕೆಂಪಾಗಿ, ಒಳಗಿನಿಂದ ಯಾರೋ ಸೂಜಿ ಕಾಯಿಸಿ ಚುಚ್ಚಿದ ಹಾಗೆ ಉರಿಯಿತು. ಥಂಡಿ ಅಂದರು. ನಾನೂ ಥಂಡಿ ಅಂದುಕೊಂಡೆ. ಆ ಚಳಿಗಾಲ ಹಾಗೇ ಹೋಯಿತು. ಮುಂದಿನ ಚಳಿಗಾಲಕ್ಕೆ ಮೂರು ಬೆರಳು ಬೆಳ್ಳಗಾಗತೊಡಗಿದವು.

ನಮ್ಮ ಓಣಿಯ ಹೆಂಗಸರು ಕೈಗೆ ಗ್ಲೌಸ್ ಹಾಕಿಕೊಳ್ಳುವುದಿಲ್ಲ. ಗ್ಲೌಸ್ ಹಾಕಿದರೆ ಎಳೆ ಸಿಗುವುದಿಲ್ಲ. ಅದಕ್ಕೆ ಉಳಿಕೆ ನೂಲನ್ನು ಬೆರಳಿಗೆ ಒತ್ತಾಗಿ ಸುತ್ತಿಕೊಂಡು ತುದಿ ಮಾತ್ರ ಬಯಲಿಗೆ ಬಿಡುತ್ತಾರೆ. ತುದಿ ಎಳೆ ಹಿಡಿಯುತ್ತದೆ, ಉಳಿದ ಬೆರಳು ಬೆಚ್ಚಗಿರುತ್ತದೆ. ಬಿಗಿಯಾಗಿ ನೋವಾದರೆ ಬಿಚ್ಚಿ ಸಡಿಲ ಮಾಡಿಕೊಳ್ಳುತ್ತಾರೆ. ಅತ್ತೆಗೆ ಅವರ ಅತ್ತೆ ಕಲಿಸಿದ್ದು, ನನಗೆ ಅತ್ತೆ ಕಲಿಸಿದ್ದು.

ನೋವಾದರೆ ಬಿಚ್ಚಬೇಕು. ನನಗೆ ನೋವೇ ಆಗಲಿಲ್ಲ.

ಆ ಎರಡನೇ ಚಳಿಗಾಲದ ಒಂದು ಬೆಳಿಗ್ಗೆ ಗಾಳಿ ಬಿಟ್ಟೂ ಬಿಡದೆ ಹೊಡೆಯುತ್ತಿತ್ತು. ಮೂರು ಬೆರಳಿಗೂ ಹಿಂದಿನ ದಿನಕ್ಕಿಂತ ಒಂದೆರಡು ಸುತ್ತು ಹೆಚ್ಚಿಗೆ ಸುತ್ತಿಕೊಂಡೆ. ಗಂಜಿ ಹಚ್ಚುತ್ತಿದ್ದಂತೆ ನೂಲು ತೊಯ್ದು ನೆನೆಯಿತು. ಹಾಸಿನ ಆ ತುದಿಯಿಂದ ನಮ್ಮ ಮನೆಯವರು ಕೂಗಿದರು, “ಲಗೂ ಕೈ ಆಡಸ, ಹಾಸ ಒಣಗಾಕತ್ತೈತಿ.” ನಾನು ತಲೆ ಎತ್ತಲಿಲ್ಲ. ಎಳೆ ಹರಿಯುವುದು, ನಾನು ಕೂಡಿಸುವುದು, ಮತ್ತೆ ಹರಿಯುವುದು. ಬೆರಳು ಉರಿಯುತ್ತಿಲ್ಲವಲ್ಲ ಎಂದು ಸಂತೋಷವಾಯಿತು. ಅತ್ತೆಗೆ ಹೇಳಿಯೂ ಹೇಳಿದೆ, “ಇವತ್ತ ಬೆರಳ ನೋಯವಲ್ವು ನೋಡ್ರಿ ಅತ್ತಿ, ಶಿವಾ ಕಣ್ಣ ತೆರದಾನ.”

ಕೆಲಸ ಮುಗಿದ ಮೇಲೆ ನೂಲು ಬಿಚ್ಚಲು ಹೋದೆ. ಬರಲಿಲ್ಲ. ಗಂಜಿ ಒಣಗಿ ನೂಲು ಬಿದಿರಿನ ಬಳೆಯಂತೆ ಬಿಗಿದು ಕೂತಿತ್ತು. ಮನೆಯವರು ಬ್ಲೇಡು ತಂದು ಕೊಯ್ದರು. ಬ್ಲೇಡು ಚರ್ಮಕ್ಕೂ ತಾಗಿತು, ತೋರುಬೆರಳಿನಿಂದ ರಕ್ತ ಬರಲಿಲ್ಲ. ಅವರ ಕೈ ಅಲ್ಲಿಗೇ ನಿಂತಿತು.

ನೂಲು ಸುತ್ತಿದ ಜಾಗದಿಂದ ಮೇಲೆ, ತೋರುಬೆರಳಿನ ತುದಿ ಕಪ್ಪಾಗಿತ್ತು.

ಅತ್ತೆ ನನ್ನ ಮುಂಗೈ ಹಿಡಿದು ಗಂಜಿ ಕುದಿಸಿದ ಒಲೆಯ ಹತ್ತಿರ ದರದರ ಎಳೆದೊಯ್ದರು. ಕೆಂಡ ಇನ್ನೂ ನಿಗಿನಿಗಿ ಇತ್ತು. ನನ್ನ ಕೈಯನ್ನು ಅದರ ಮೇಲೆ ಹಿಡಿದು ಇನ್ನೊಂದು ಕೈಯಿಂದ ಬೆರಳು ತಿಕ್ಕತೊಡಗಿದರು. ಮಾಂಸ ಸುಟ್ಟ ವಾಸನೆ ಬಂತು. ಯಾರದು ಎಂದು ಹುಡುಕಿದೆ, ನನ್ನದೇ. ಮೂರೂ ಬೆರಳಿನ ತುದಿಯಲ್ಲಿ ಬೊಬ್ಬೆ ಎದ್ದಿದ್ದವು, ನನಗೆ ಗೊತ್ತೇ ಆಗಿರಲಿಲ್ಲ.

ಆಮೇಲೆ ಎರಡು ಬೆರಳಿಗೆ ರಕ್ತ ನುಗ್ಗಿತು.

ಇಬ್ಬರು ಮಕ್ಕಳನ್ನು ಹೆತ್ತಿದ್ದೇನೆ, ಅಂಥ ನೋವು ಕಂಡಿಲ್ಲ. ಬೆರಳನ್ನು ಒರಳಿನಲ್ಲಿಟ್ಟು ಕುಟ್ಟಿದ ಹಾಗೆ. ನಾನು ಅತ್ತೆಯ ಎದೆಗೆ ಒದ್ದೆ. ಹಿಡಿಯಲು ಬಂದ ಮನೆಯವರ ರಟ್ಟೆಗೆ ಬಾಯಿ ಹಾಕಿ ರಕ್ತ ಬರುವ ಹಾಗೆ ಕಚ್ಚಿದೆ. ಗಂಜಿಯ ಪಾತ್ರೆ ಉರುಳಿತು. ದಿನಾ ಬೆಳಿಗ್ಗೆ ಲಿಂಗ ಹಿಡಿದು ಶಿವನನ್ನು ನೆನೆಯುವ ಬಾಯಿಂದ ಏನೇನು ಬೈಗುಳ ಬಂದವು ಎಂದು ಬರೆಯಲಾರೆ. ಓಣಿಯವರು ಬಾಗಿಲಲ್ಲಿ ನಿಂತು ಮೈಮೇಲೆ ದೆವ್ವ ಬಂದಿದೆ ಅಂದರಂತೆ.

ಮಗಳು ಸುಮಾ ಫೋನ್ ಮಾಡಿ ಗಾಡಿ ತರಿಸಿದಳು. ಜಮಖಂಡಿಯವರೆಗೆ ರಸ್ತೆ ತುಂಬ ಕಬ್ಬಿನ ಟ್ರ್ಯಾಕ್ಟರ್. ಒಂದೊಂದು ತಗ್ಗಿಗೂ ನಾನು ಕಿರುಚುತ್ತಿದ್ದೆ.

ದವಾಖಾನೆಯಲ್ಲಿ ಡಾಕ್ಟರು ಬೊಬ್ಬೆ ನೋಡಿ ಸಿಟ್ಟಾದರು. ಬೆಂಕಿಗೆ ಹಿಡಿಯಿರಿ ಎಂದು ಯಾರು ಹೇಳಿದ್ದು ಎಂದು ಕೇಳಿದರು. ಸುಮಾ ಬಾಯಿ ತೆರೆಯುವುದರೊಳಗೆ ಅತ್ತೆ ಮುಂದೆ ಬಂದರು.

“ನಾನ ಹಿಡದ್ನಿರಿ. ನಮ್ಮತ್ತಿ ನನಗ ಹಂಗ ಹಿಡೀತಿದ್ಲು.”

ಡಾಕ್ಟರ ದನಿ ತಗ್ಗಿತು. “ನಿಮಗ ಬಿಸಿ ಗೊತ್ತಾಗ್ತಿತ್ತರೀ ಅಜ್ಜಿ, ಕೈ ಹಿಂದಕ ತಗೀತಿದ್ರಿ. ಇವರಿಗೆ ಕೆಂಡ ಸುಟ್ರೂ ಗೊತ್ತಾಗೂದಿಲ್ಲ, ನೂಲ ಬಿಗದ್ರೂ ಗೊತ್ತಾಗೂದಿಲ್ಲ.”

ಕಾಯಿಲೆಗೆ ರೇನಾಡ್ಸ್ ಎಂದು ಹೆಸರಂತೆ. ಥಂಡಿ ತಗುಲಿದರೆ ಬೆರಳಿನ ರಕ್ತನಾಳಗಳು ಮುಷ್ಟಿ ಕಟ್ಟಿದ ಹಾಗೆ ಮುಚ್ಚಿಕೊಂಡು ಬೆರಳು ಮರಗಟ್ಟುತ್ತದೆ. ಅದರ ಮೇಲೆ ನಾನು ನೂಲು ಸುತ್ತಿದ್ದೆ. ಬ್ಲಡ್ ಟೆಸ್ಟ್, ಡಾಪ್ಲರ್ ಸ್ಕ್ಯಾನ್ ಆದವು. ಮೈಯಲ್ಲಿ ಬೇರೆ ದೊಡ್ಡ ರೋಗ ಇಲ್ಲ ಅಂದರು. ಅದು ಶಿವನ ಮೊದಲ ಕರುಣೆ, ಅಲ್ಲಿಂದ ಒಂದೊಂದನ್ನೇ ಎಣಿಸತೊಡಗಿದೆ.

ಮೂರು ಬೆರಳಲ್ಲಿ ಎಷ್ಟು ಉಳಿಯುತ್ತದೆ? ನನಗೆ ಬೇಕಾದ ಮಾತು ಅದೊಂದೇ. ಸರ್ಜನ್ ಹೇಳಲಿಲ್ಲ. ಸತ್ತ ಭಾಗ, ಜೀವ ಇರುವ ಭಾಗ ತಾವಾಗಿಯೇ ನಡುವೆ ಒಂದು ಗೆರೆ ಎಳೆದುಕೊಳ್ಳುತ್ತವೆ, ಆ ಗೆರೆ ನಿಲ್ಲುವತನಕ ಕಾಯಬೇಕು ಅಂದರು.

ಕಾದೆವು. ದಿನಾ ಡ್ರೆಸ್ಸಿಂಗ್ ಬಿಚ್ಚಿದಾಗ ಎಲ್ಲರ ಕಣ್ಣು ಆ ಗೆರೆಯ ಮೇಲೆ. ಮನೆಯವರು ಆ ಕಡೆ ನೋಡಲಾಗದೆ ಹೊರಗೆ ಹೋಗುತ್ತಿದ್ದರು. ಎಡ ಅಂಗೈ ಸರಿಯಿತ್ತು, ಲಿಂಗ ಹಿಡಿಯಲು ಅಷ್ಟು ಸಾಕು. ಬಲಗೈ ಬ್ಯಾಂಡೇಜಿನಲ್ಲಿ ಮುಳುಗಿತ್ತು. ಹೂವು, ಪತ್ರಿ ಏರಿಸಲು ಆಗುತ್ತಿರಲಿಲ್ಲ. ಕಣ್ಣು ಮುಚ್ಚಿ ಕೂತು ಶಿವನ ಹತ್ತಿರ ಜಗಳ ಮಾಡುತ್ತಿದ್ದೆ. ಎಳೆ ಹಿಡಿಯುವ ಬೆರಳೇ ನಿನಗೆ ಬೇಕಾಯಿತೇನು ಎಂದು ಕೇಳುತ್ತಿದ್ದೆ. ಅವನು ಸಿಟ್ಟಾಗಲಿಲ್ಲ, ಅದೂ ಒಂದು ಕರುಣೆ.

ಮಧ್ಯದ ಬೆರಳು ಗುಲಾಬಿ ಬಣ್ಣಕ್ಕೆ ತಿರುಗಿತು. ಆಮೇಲೆ ಉಂಗುರದ ಬೆರಳು. ತೋರುಬೆರಳು ಒಣಗಿದ ಖರ್ಜೂರದಂತೆ ಸುಕ್ಕಾಗಿ, ಮೇಲಿನ ಗೆಣ್ಣಿನ ಹತ್ತಿರ ಗೆರೆ ನಿಂತಿತು.

ಕತ್ತರಿಸಬೇಕು ಅಂದರು.

ಕೈಗಷ್ಟೇ ಇಂಜೆಕ್ಷನ್ ಕೊಟ್ಟರು, ನನಗೆ ಎಚ್ಚರವಿತ್ತು. ಮುಖದ ಮುಂದೆ ಹಸಿರು ಬಟ್ಟೆ. ನೋವಿರಲಿಲ್ಲ, ಸದ್ದಿತ್ತು. ಹಸಿ ಕಬ್ಬಿನ ಗಣಿಕೆ ಮುರಿದಂಥ ಸದ್ದು. ನಂತರ ಸ್ಟೀಲಿನ ತಟ್ಟೆಯಲ್ಲಿ ಏನೋ ಬಿದ್ದದ್ದು ಕೇಳಿತು. ನನ್ನದು ಎಂದು ಗೊತ್ತಿದ್ದರೂ ಯಾರದೋ ಅನ್ನಿಸಿತು.

ಈಗಲೂ ಇಲ್ಲದ ಆ ತುದಿ ಒಮ್ಮೊಮ್ಮೆ ಉರಿಯುತ್ತದೆ. ರಕ್ತನಾಳ ತೆರೆದಿಡುವ ಗುಳಿಗೆ ನುಂಗುತ್ತೇನೆ, ಅದಕ್ಕೆ ಕಾಲು ಬಾತುಕೊಳ್ಳುತ್ತದೆ. ತಣ್ಣೀರು ಮುಟ್ಟುವಂತಿಲ್ಲ, ಬೆಂಕಿಯ ಹತ್ತಿರವೂ ಹೋಗುವಂತಿಲ್ಲ. ಬೆರಳಿಗಿಂತ ಮೊದಲು ಎದೆ, ಕುತ್ತಿಗೆ, ಮುಂಗೈ ಬೆಚ್ಚಗಿಡಿ ಎಂದು ಡಾಕ್ಟರು ಹೇಳಿದ್ದಾರೆ. ರೊಟ್ಟಿ ಬಡಿಯುವುದು ಅಂಗೈಯಿಂದ, ಅದು ಬರುತ್ತದೆ. ಬೇಯಿಸುವುದು ಸುಮಾ. ಎಳೆ ಹಿಡಿಯುವುದು ಬರುವುದಿಲ್ಲ. ಮಧ್ಯದ ಬೆರಳಿಗೆ ಕಲಿಸುತ್ತಿದ್ದೇನೆ, ಅದು ಇನ್ನೂ ಹೊಸ ಸೊಸೆಯ ಹಾಗೆ ಹೆದರುತ್ತದೆ.

ಹಳೆಯ ಸ್ವೆಟರುಗಳ ತೋಳು ಕತ್ತರಿಸಿ, ಮುಂಗೈಯಿಂದ ಬೆರಳಿನ ಬುಡದವರೆಗೆ ಬರುವಂಥ ಸಡಿಲ ಚೀಲಗಳನ್ನು ಹೊಲಿದೆ. ಅತ್ತೆ ಅವನ್ನು ಓಣಿಗೆಲ್ಲ ಹಂಚಿದರು. ಬೆರಳಿಗೆ ನೂಲು ಸುತ್ತಿಕೊಂಡವರು ಕಂಡರೆ ಅವರೇ ಹೋಗಿ ಬಿಚ್ಚುತ್ತಾರೆ, ಬೈಯುತ್ತಾರೆ. ನನ್ನ ಹತ್ತಿರ ಮಾತ್ರ ಆ ಬೆಳಗಿನ ಸುದ್ದಿ ಎತ್ತಿಲ್ಲ. ನಾನು ಒದ್ದದ್ದನ್ನೂ ಎತ್ತಿಲ್ಲ.

ವಿಭೂತಿ ಹಚ್ಚಿಕೊಳ್ಳುವುದು ಮೂರು ಬೆರಳಿನಿಂದ. ಬ್ಯಾಂಡೇಜು ಬಿಚ್ಚಿದ ಮೇಲೆ ಮೊದಲ ಸಲ ಹಚ್ಚಿಕೊಂಡು ಕನ್ನಡಿ ನೋಡಿದರೆ ಹಣೆಯ ಮೇಲೆ ಎರಡೇ ಗೆರೆ. ಮೊಂಡು ಬೆರಳು ಹಣೆ ಮುಟ್ಟಿರಲಿಲ್ಲ. ಹೆಬ್ಬೆರಳಿನಿಂದ ಎಳೆದುಕೊಳ್ಳಲು ನೋಡಿದೆ, ಗೆರೆ ಸೊಟ್ಟಗಾಯಿತು, ಒರೆಸಿದೆ.

ಅತ್ತೆ ಹಿಂದಿನಿಂದ ಬಂದು ನನ್ನ ಗದ್ದ ಹಿಡಿದರು. “ಇತ್ತಾಗ ಹೊಳ್ಳ,” ಅಂದರು. ತಮ್ಮ ತೋರುಬೆರಳನ್ನು ವಿಭೂತಿಯಲ್ಲಿ ಅದ್ದಿ ಮೇಲಿನ ಗೆರೆ ಎಳೆದರು.

ಅವತ್ತಿನಿಂದ ದಿನಾ ಸ್ನಾನವಾದ ಮೇಲೆ ಅವರ ಮುಂದೆ ಹೋಗಿ ನಿಲ್ಲುತ್ತೇನೆ. ಕೆಳಗಿನ ಎರಡು ಗೆರೆ ನನ್ನವು, ಮೇಲಿನದು ಅವರದು. ಈಗ ಮತ್ತೆ ಥಂಡಿ ಬಿದ್ದಿದೆ. ಅವರ ಬೆರಳು ಬೆಚ್ಚಗಿದೆಯೋ ಇಲ್ಲವೋ ಎಂದು ನಾನು ಮೊದಲು ಮುಟ್ಟಿ ನೋಡುತ್ತೇನೆ.