ಟಿಟ್ಟಿಭದ ಕೂಗು

ಘೋಣಸಗಿಯ ಹೊಲವೊಂದರಲ್ಲಿ ಟಿಟ್ಟಿಭ ಒಂದೇ ಸಮನೆ ಚೀರುತ್ತ ನನ್ನ ತಲೆಯ ಮೇಲೇ ಸುತ್ತುತ್ತಿತ್ತು. ಇಷ್ಟು ಹತ್ತಿರ ಯಾವ ಹಕ್ಕಿಯೂ ನನಗೆ ಸಿಕ್ಕಿರಲಿಲ್ಲ. ಖುಷಿಯಲ್ಲಿ ಮೊಬೈಲು ಮೇಲೆತ್ತಿ, ಅದನ್ನೇ ನೋಡುತ್ತ ಹಿಂದಹಿಂದಕ್ಕೆ ಸರಿದೆ.

“ಅಲ್ಲೇ ನಿಲ್ರಿ! ಕಾಲ ಎತ್ತಬ್ಯಾಡ್ರಿ!”

ಹೊಲದ ಯಜಮಾನ ಕುಡಗೋಲು ಹಿಡಿದೇ ಓಡಿಬರುತ್ತಿದ್ದ. ಹಾವೇ ಇರಬೇಕು ಅಂದುಕೊಂಡು ಇದ್ದಲ್ಲೇ ನಿಂತೆ.

ಅವನು ಬಂದು ನನ್ನ ಬೂಟಿನ ಹಿಂದೆ ಕುಕ್ಕರಗಾಲಲ್ಲಿ ಕುಳಿತ. ಹಿಮ್ಮಡಿಯಿಂದ ಗೇಣು ದೂರದಲ್ಲಿ, ಕುಂಟೆ ಹೊಡೆದು ಹರಗದೆ ಬಿಟ್ಟ ಮೊಳದಷ್ಟು ನೆಲದಲ್ಲಿ, ಥೇಟ್ ಹರಳುಕಲ್ಲಿನಂತೆ ಕಾಣುವ ನಾಲ್ಕು ತತ್ತಿ.

“ಇವನ್ನ ಬಿಟ್ಟು ಸುತ್ತ ಹರಗೇನಿ. ನೀವು ತುಳದೇ ಬಿಡ್ತಿದ್ರಲ್ರೀ! ಆಗಿಂದ ಅದು ಒದರಾಕತ್ತೈತಿ, ಕೇಳಲಿಲ್ಲೇನ್ರಿ?”

ಕೇಳಿತ್ತು. ಹಕ್ಕಿಯ ಕೂಗು ಗುರುತಿಸುವ ಆ್ಯಪಿಗಾಗಿ ಅದನ್ನೇ ರೆಕಾರ್ಡ್ ಮಾಡಿಕೊಳ್ಳುತ್ತಿದ್ದೆ. ಆ್ಯಪು ಹೆಸರು ಮಾತ್ರ ಸರಿಯಾಗಿಯೇ ಹೇಳಿತು.