ಹಿಟ್ಟಿನ ಡಬ್ಬಿಯ ಇಲಿ

ಜೋಳದ ಹಿಟ್ಟಿನ ಡಬ್ಬಿ ಒಮ್ಮೆ ಗುರ್ ಎಂದಿತು. ಎರಡು ಸೆಕೆಂಡು ಸುಮ್ಮನಿದ್ದು ಮತ್ತೆ ಗುರ್ ಎಂದಿತು. ಹೀಗೆ ಹನ್ನೊಂದು ಸಲ. ಹನ್ನೊಂದಾದ ಮೇಲೆ ಅದು ತಾನಾಗಿಯೇ ಸೋಲುತ್ತದೆ, ನಾನು ಎಣಿಸಿ ನೋಡಿದ್ದೆ. ಡಬ್ಬಿಯೊಳಗೆ, ಹಿಟ್ಟಿನಲ್ಲಿ ನಾಲ್ಕು ಬೆರಳು ಆಳದಲ್ಲಿ, ಹಾಲಿನ ಪ್ಯಾಕೆಟ್ಟಿನ ಖಾಲಿ ಕವರಿನಲ್ಲಿ ಸುತ್ತಿದ ನನ್ನ ಫೋನ್ ಇತ್ತು.

"ಹಿಟ್ಟಿನಾಗ ಇಲಿ ಹೊಕ್ಕೈತಿ," ಎಂದಳು ಅವ್ವ.

"ಇರಬೇಕು," ಎಂದೆ.

ಮರುದಿನ ಅವ್ವ ಕೊಪ್ಪಳದ ಸಂತೆಯಿಂದ ಇಲಿ ಬೋನು ತಂದಳು. ಒಣಕೊಬ್ಬರಿ ಚೂರು ಸಿಕ್ಕಿಸಿ ಡಬ್ಬಿಯ ಪಕ್ಕ ಇಟ್ಟಳು. ಮೂರು ವಾರ ಆ ಬೋನು ಅಲ್ಲೇ ಬಾಯಿ ತೆರೆದುಕೊಂಡು ಕೂತಿತ್ತು. ಕೊಬ್ಬರಿಯನ್ನು ಇರುವೆ ತಿಂದವು. ಅವ್ವ ಬೇರೆ ಚೂರು ಹಾಕಿದಳು.

ಫೋನನ್ನು ಸ್ವಿಚ್ ಆಫ್ ಮಾಡಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಮಾಡಿದರೆ ವಸೂಲಿಯವರು ಸಾಲದ ಅರ್ಜಿಯಲ್ಲಿ ನಾನು ಕೊಟ್ಟಿದ್ದ ಎರಡನೆಯ ನಂಬರಿಗೆ ಮಾಡುತ್ತಾರೆ, ಅದು ಅವ್ವನದು. ರಿಂಗ್ ಆಗುತ್ತಿದ್ದರೆ ಅವರಿಗೂ ಒಂದು ಆಸೆ ಇರುತ್ತದೆ. ನಾನು ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿದ್ದೇನೆ. ನಗುವವರು ಇಲ್ಲಿಯೇ ನಕ್ಕು ಮುಗಿಸಬಹುದು, ಮುಂದೆ ಇನ್ನೂ ಕಾರಣಗಳಿವೆ.

ಓದು ಮುಗಿಸಿ ಬಂದವಳು ಕೊಪ್ಪಳದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದು ಮಾಳಿಗೆ ಬಾಡಿಗೆಗೆ ಹಿಡಿದು ರೀಡಿಂಗ್ ರೂಮ್ ತೆರೆದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ತಿಂಗಳಿಗಿಷ್ಟು ಎಂದು ಕೊಟ್ಟು ಕೂರುವ ಜಾಗ. ಇಪ್ಪತ್ತನಾಲ್ಕು ಕುರ್ಚಿ, ನಡುವೆ ಪ್ಲೈವುಡ್ಡಿನ ಗೋಡೆ, ಒಂದು ಎಸಿ, ಗೋಡೆಯ ಮೇಲೆ "ಮೌನವಿರಲಿ" ಎಂಬ ಬೋರ್ಡು. ಮಾತು ಕಡಿಮೆ ಇರುವವಳಿಗೆ ಇದಕ್ಕಿಂತ ಒಳ್ಳೆಯ ಧಂದೆ ಇರಲಿಲ್ಲ. ಮೊದಲ ವರ್ಷ ಕುಷ್ಟಗಿ, ಹನುಮಸಾಗರದ ಕಡೆಯಿಂದೆಲ್ಲ ಹುಡುಗ ಹುಡುಗಿಯರು ಬಂದರು. ಆಮೇಲೆ ನೇಮಕಾತಿಯ ಕರೆ ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಎರಡು ಮಳೆಗಾಲ ಹೋದವು. ಓದುವವರಿಗೆ ಓದುವ ಕಾರಣವೇ ಉಳಿಯಲಿಲ್ಲ. ಕೊನೆಗೆ ಉಳಿದ ಒಬ್ಬಳು ಮಧ್ಯಾಹ್ನ ಎಸಿಯಲ್ಲಿ ಮಲಗಲು ಬರುತ್ತಿದ್ದಳು. ಅವಳಿಂದ ನಾನು ಶುಲ್ಕ ತೆಗೆದುಕೊಂಡೆ, ನಿದ್ದೆಗೂ ಕರೆಂಟು ಖರ್ಚಾಗುತ್ತದೆ.

ಬಾಡಿಗೆ ಮಾತ್ರ ಯಾವ ಕರೆಗೂ ಕಾಯಲಿಲ್ಲ. ರೂಮ್ ತೆರೆಯಲು ಮಾಡಿದ್ದ ಬ್ಯಾಂಕಿನ ಸಾಲದ ಕಂತಿಗೆ ಬಂಗಾರದ ಮೇಲೆ ಸಾಲ, ಅದರ ಬಡ್ಡಿಗೆ ಆ್ಯಪಿನ ಸಾಲ, ಒಂದು ಆ್ಯಪಿಗೆ ಕಟ್ಟಲು ಇನ್ನೆರಡು ಆ್ಯಪ್, ನಡುವೆ ಯಲಬುರ್ಗಾದ ಅತ್ತೆ ಎಮ್ಮೆಯ ಹಾಲು ಮಾರಿ ಕೂಡಿಟ್ಟಿದ್ದರಲ್ಲಿ ಕೊಟ್ಟ ಕೈಗಡ. ಏಳನೆಯದು ಮಹಿಳಾ ಸಂಘದ ಸಾಲ. ಅದನ್ನು ಮದುವೆಯಾಗದ ಹುಡುಗಿಯರಿಗೆ ಕೊಡುವುದಿಲ್ಲ, ನಾಳೆ ಗಂಡನ ಊರಿಗೆ ಹೋಗಿಬಿಟ್ಟಾಳು ಎಂಬ ಭಯ. ನನ್ನ ವಿಷಯದಲ್ಲಿ ಆ ಭಯಕ್ಕೆ ಯಾವ ಆಧಾರವೂ ಇರಲಿಲ್ಲ. ಆದರೂ ನಿಯಮ ನಿಯಮವೇ. ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವ ಅವ್ವ ತನ್ನ ಹೆಸರಿನಲ್ಲಿ ತೆಗೆದುಕೊಟ್ಟಳು. ಉಳಿದ ಆರರ ಬಗ್ಗೆ ಅವಳಿಗೆ ಗೊತ್ತಿರಲಿಲ್ಲ. ರೀಡಿಂಗ್ ರೂಮ್ "ಸ್ವಲ್ಪ ಡಲ್" ಇದೆ ಎಂದಷ್ಟೇ ಹೇಳಿದ್ದೆ.

ಒಂದು ಸೋಮವಾರ ಗಂಗಾವತಿಗೆ ಹೋದೆ. ಕೊಪ್ಪಳದಲ್ಲಿಯೂ ವಕೀಲರಿದ್ದಾರೆ, ಆದರೆ ಕೊಪ್ಪಳದಲ್ಲಿ ನನ್ನ ಪರಿಚಯದವರೂ ಇದ್ದಾರೆ. ಅಲ್ಲದೆ ಈ ವಿಷಯದಲ್ಲಿ ಗಂಗಾವತಿಗೆ ಅನುಭವ ಹೆಚ್ಚು. ಸಾಲ ತೀರಿಸಲು ಆಗುವುದಿಲ್ಲ ಎಂದು ಕೋರ್ಟಿಗೆ ಕೊಡುವ ದಿವಾಳಿ ಅರ್ಜಿಗೆ ಅಲ್ಲಿ ಐಪಿ ಎನ್ನುತ್ತಾರೆ. "ಅವ ಹೊಸ ಟ್ರ್ಯಾಕ್ಟರ್ ತಗೊಂಡಾನ" ಎನ್ನುವ ಧಾಟಿಯಲ್ಲೇ "ಅವ ಐಪಿ ಹಾಕ್ಯಾನ" ಎನ್ನುತ್ತಾರೆ.

ವಕೀಲರು ವಯಸ್ಸಾದವರು. ನನ್ನ ಸಾಲಗಳ ಪಟ್ಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಏಳ ಏನ ತಂಗಿ?"

"ಹೌದ್ರಿ."

"ಇಲ್ಲೆ ಭತ್ತದ ಯಾಪಾರದವ್ರು ಐಪಿ ಹಾಕಾಕ ಬಂದ್ರ ಪಟ್ಟಿ ಬೈಂಡ್ ಮಾಡಿಸ್ಕೊಂಡು ಬರ್ತಾರ. ನಿಂದು ಒಂದು ಹಾಳಿ ತುಂಬಿಲ್ಲ."

ಜೀವನದಲ್ಲಿ ಮೊದಲ ಸಲ ಸಾಲ ಕಡಿಮೆಯಾಯಿತೆಂದು ನಾಚಿಕೆಯಾಯಿತು. "ಇಷ್ಟಕ್ಕ ಹಾಕಾಕ ಬರಂಗಿಲ್ಲೇನ್ರಿ?" ಎಂದು ಕೇಳಿದೆ.

"ಬರ್ತೈತಿ. ಹಳೇ ಕಾಯ್ದೆ ಅದು. ಐನೂರು ರೂಪಾಯಿ ಸಾಲ ಇದ್ರೂ ಸಾಕು."

ಹಾಗಾದರೆ ನನ್ನ ಜೊತೆ ಓದಿದವರೆಲ್ಲ ಅರ್ಹರು ಎಂದುಕೊಂಡೆ.

"ಎಲ್ಲಾರಿಗೂ ನೋಟೀಸ್ ಹೋಗ್ತೈತಿ. ಪೇಪರಿನಾಗೂ ಬರ್ತೈತಿ," ಎಂದರು.

"ಫೋಟೋ ಹಾಕ್ತಾರೇನ್ರಿ?"

"ಫೋಟೋ ಯಾಕ, ನೀ ಏನ್ ಚುನಾವಣಿಗೆ ನಿಂತೀ ಏನ? ಹೆಸರು, ತಂದಿ ಹೆಸರು, ವಯಸ್ಸು, ಊರು."

"ವಯಸ್ಸೂ ಹಾಕ್ತಾರ?"

ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಆಮೇಲೆ ಪೆನ್ನು ತೆಗೆದು ಏಳನೆಯ ಸಾಲಿನ ಮೇಲೆ ಗೀಟು ಎಳೆದರು. "ಇದು ನಿಮ್ಮವ್ವನ ಹೆಸರಿಲೆ ಐತಿ. ನಿನ್ನ ಅರ್ಜ್ಯಾಗ ಬರಂಗಿಲ್ಲ. ಇದಕ್ಕೂ ನಿನಗೂ ಸಂಬಂಧ ಇಲ್ಲ."

"ಮತ್ತ ಅದನ್ನ ಯಾರು ತುಂಬಬೇಕ್ರಿ?"

"ನಿಮ್ಮವ್ವ. ಆಕಿ ಕಡೆ ಆಗಲಿಲ್ಲ ಅಂದ್ರ ಆಕಿ ಗುಂಪಿನ್ಯಾವ್ರು. ಇನ್ನೊಂದು ಹೇಳ್ತೀನಿ ಕೇಳು. ಆ ಕುರ್ಚಿ, ಎಸಿ ಇನ್ನ ಮ್ಯಾಲ ಮುಟ್ಟಬ್ಯಾಡ. ಅವು ಸಾಲ ಕೊಟ್ಟ ಆರೂ ಮಂದಿ ಪಾಲಿನವು. ಮಾರಿ, ರೊಕ್ಕ ಒಬ್ಬರಿಗೇ ಕೊಟ್ಟು ಆಮ್ಯಾಲ ನನ್ನ ಕಡೆ ಬಂದ್ರ, ನಾ ಅರ್ಜಿ ಹಾಕಂಗಿಲ್ಲ. ಬುಧವಾರ ಬಾ, ಸಹಿ ಮಾಡುವಂತಿ."

ತಿರುಗಿ ಬರುವಾಗ ಬಸ್ಸಿನ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಮನಸ್ಸು ಹಗುರವಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ಮುನಿರಾಬಾದಿನ ಹತ್ತಿರ ಒಂದು ಸೌತೆಕಾಯಿ ಕೊಂಡು ತಿಂದೆ. ಸಂಬಂಧವಿಲ್ಲ ಎಂಬ ಮಾತು ಕಿವಿಗೆ ಹಿತವಾಗಿತ್ತು. ದಿನಕ್ಕೆ ನಲವತ್ತು ಸಲ ಗುರ್ ಎನ್ನುವ ಡಬ್ಬಿ ಸುಮ್ಮನಾಗುತ್ತದೆ. ಪೇಪರಿನಲ್ಲಿ ಬರುವ ಅಷ್ಟು ಚಿಕ್ಕ ಅಕ್ಷರಗಳನ್ನು ಯಾರು ಓದುತ್ತಾರೆ?

ಮರುದಿನ ಮಂಗಳವಾರ, ಸಂಘದ ಕಂತಿನ ದಿನ.

ಸಂಘದ ಪದ್ಧತಿ ಹೀಗೆ. ಹತ್ತು ಹೆಂಗಸರ ಒಂದು ಗುಂಪು, ಒಬ್ಬರ ಸಾಲಕ್ಕೆ ಉಳಿದ ಒಂಬತ್ತು ಜನ ಜಾಮೀನು. ಒಬ್ಬರ ಕಂತು ಕಡಿಮೆ ಬಿದ್ದರೂ ವಸೂಲಿಯವನು ಪುಸ್ತಕ ಮುಚ್ಚುವುದಿಲ್ಲ, ಅವನು ಮುಚ್ಚುವ ತನಕ ಯಾರೂ ಕೆಲಸಕ್ಕೆ ಹೋಗುವಂತಿಲ್ಲ. ಆದ್ದರಿಂದ ತಪ್ಪಿದವರ ಮನೆಗೆ ಗುಂಪೇ ಬಂದು ಕೂರುತ್ತದೆ. ಬೈಯುವುದಿಲ್ಲ, ಬರೀ ಕೂರುತ್ತದೆ. ಅವ್ವ ಈ ಮೊದಲು ಎಷ್ಟೋ ಮನೆಗಳಲ್ಲಿ ಹೀಗೆ ಕೂತು ಬಂದಿದ್ದಳು. ಈ ಸಲ ನಮ್ಮ ಮನೆಯ ಪಾಳಿ. ಹಿಂದಿನ ಎರಡು ವಾರ ಕಂತಿಗೆಂದು ನಾನು ಕೊಡಬೇಕಾದ ಹಣವನ್ನು ಅವ್ವನೇ ಹೇಗೋ ಹೊಂದಿಸಿದ್ದಳು. ಈ ವಾರ ಅವಳ ಹತ್ತಿರವೂ ಇರಲಿಲ್ಲ.

ಹನ್ನೊಂದು ಗಂಟೆಗೆ ಒಂಬತ್ತೂ ಜನ ಬಂದು ಪಡಸಾಲೆಯಲ್ಲಿ ಕೂತರು. ವಸೂಲಿಯವನು ಹೊರಗೆ ಬೇವಿನ ಗಿಡದ ಕೆಳಗೆ ಬೈಕಿನ ಮೇಲೆ ಕೂತ. ಹನ್ನೆರಡೂವರೆ ಆಯಿತು. ಮನೆಗೆ ಬಂದವರು ಎಂಥವರೇ ಆಗಲಿ, ಊಟದ ಹೊತ್ತಿಗೆ ಹಸಿದು ಕೂರಬಾರದು. ಅವ್ವ ಎದ್ದು ಒಲೆ ಹಚ್ಚಿದಳು. ಬಂದವರಿಗೂ ಕೈಕಟ್ಟಿ ಕೂರುವ ಅಭ್ಯಾಸವಿಲ್ಲ. ಒಬ್ಬರು ಈರುಳ್ಳಿ ಹೆಚ್ಚಿದರು, ಒಬ್ಬರು ಪುಂಡಿಪಲ್ಲೆಯ ಸೊಪ್ಪು ಸೋಸಿದರು. ಗುಂಪಿನ ಲೀಡರ್, ಬಳೆ ಮಾರುವ ಅಕ್ಕ, ರೊಟ್ಟಿ ಬಡಿಯುವ ಮರದ ಕೊಣಮಿಗೆ ಎಳೆದುಕೊಂಡು ಹಿಟ್ಟಿನ ಡಬ್ಬಿಗೆ ಕೈ ಹಾಕಿದರು.

ನಾನು ಒಂಬತ್ತು ಜನರ ನೀರಿನ ಲೋಟ ತೊಳೆಯುತ್ತಿದ್ದೆ. ಎದ್ದು ಹೋಗುವಷ್ಟರಲ್ಲಿ ಡಬ್ಬಿ ಗುರ್ ಎಂದಿತು.

"ಇಲಿ!" ಎಂದು ಅವ್ವ ಕೂಗಿದಳು. "ಬಿಡಬ್ಯಾಡ, ಹಿಡಿ!"

ಬಳೆ ಅಕ್ಕ ಹಿಡಿದರು. ಮೊಣಕೈವರೆಗೆ ಹಿಟ್ಟು ಮೆತ್ತಿದ ಕೈ ಮೇಲೆ ಬಂತು, ಅದರಲ್ಲಿ ಹಾಲಿನ ಕವರು, ಕವರಿನೊಳಗೆ ಬೆಳಗುವ ಫೋನು. ಅವರು ಅದನ್ನು ಸೆರಗಿಗೆ ಒರೆಸಿ, ಕಿವಿಗಿಡದೆ ಸ್ಪೀಕರ್ ಹಚ್ಚಿದರು.

"ಮೇಡಂ, ಎಷ್ಟ ಸಲ ಫೋನ್ ಹಚ್ಚಬೇಕ್ರಿ ನಿಮಗ?" ಎಂದಿತು ಫೋನು. "ಇವತ್ತ ಕಟ್ಟಲಿಲ್ಲ ಅಂದ್ರ ನಿಮ್ಮ ಮನಿ ಮುಂದ ಬಂದು ಕುಂದ್ರತೀವಿ ನೋಡ್ರಿ."

"ಬರ್ರೆಪಾ," ಎಂದರು ಬಳೆ ಅಕ್ಕ. "ಆದ್ರ ಜಾಗ ಇಲ್ಲ. ನಾವ ಮದ್ಲ ಬಂದು ಕುಂತೇವಿ. ನಮ್ಮ ಪಾಳಿ ಮುಗದಮ್ಯಾಲ ಬರ್ರಿ."

ಅತ್ತ ಕಡೆಯವನು ದನಿ ತಗ್ಗಿಸಿದ. "ನೀವು ಯಾವ ಕಂಪನಿಯವ್ರು?" ಎಂದು ಕೇಳಿದ.

ಒಂಬತ್ತು ಜನ ಬಿದ್ದು ಬಿದ್ದು ನಕ್ಕರು. ಅವ್ವ ನಗಲಿಲ್ಲ. ಬೋನನ್ನು ನೋಡಿದಳು, ನನ್ನನ್ನು ನೋಡಿದಳು.

"ಎಂಬತ್ತು ರೂಪಾಯಿ ಕೊಟ್ಟು ತಂದೇನಿ ಇದನ್ನ," ಎಂದಳು. "ಮೂರು ವಾರ ಕೊಬ್ಬರಿ ಹಾಕೇನಿ. ಬಾಯಿ ಇರಲಿಲ್ಲೇನ ನಿನಗ?"

ಒಂಬತ್ತು ಲಕ್ಷ ಚಿಲ್ಲರೆ ಸಾಲದ ಬಗ್ಗೆ ನಾನು ತಯಾರಿಸಿಕೊಂಡಿದ್ದ ಉತ್ತರ ಒಂದೂ ಎಂಬತ್ತು ರೂಪಾಯಿಯ ಪ್ರಶ್ನೆಗೆ ಹೊಂದಲಿಲ್ಲ. ಚೀಲದಿಂದ ವಕೀಲರಿಗೆ ತೋರಿಸಿದ್ದ ಪಟ್ಟಿ ತೆಗೆದು ಓದಿದೆ. ಯಾರಿಗೆ, ಎಷ್ಟು, ಯಾವಾಗಿನಿಂದ. ಬಂಗಾರದ ಸಾಲ ಬಂದಾಗ ಅವ್ವನ ಕೈ ತನ್ನ ಬರಿದಾದ ಕೊರಳಿಗೆ ಹೋಯಿತು. ಬೋರಮಾಳ ಸರವನ್ನು ಪಾಲಿಶ್‌ಗೆ ಕೊಟ್ಟಿದ್ದೇನೆ ಎಂದು ನಾನು ಹೇಳಿ ಎಂಟು ತಿಂಗಳಾಗಿತ್ತು. ಅವಳು ಕೈ ಕೆಳಗಿಳಿಸಿ ಹೆಂಚಿನ ಮೇಲಿನ ರೊಟ್ಟಿ ತಿರುವಿದಳು.

"ಏಳ ಏನ?" ಎಂದಳು ಮೂಲೆಯಲ್ಲಿ ಕೂತಿದ್ದ ಮುದುಕಿ. "ನಂದು ಒಂಬತ್ತ ಅದಾವ. ನಾ ಸಾಲಿ ಕಲತಿಲ್ಲ, ಅದಕ್ಕ ಡಬ್ಬ್ಯಾಗ ಇಡಾಕ ಹೊಳೀಲಿಲ್ಲ."

"ನಾ ಐಪಿ ಹಾಕಬೇಕಂತ ಮಾಡೇನ್ರಿ," ಎಂದೆ. "ನಾಳೆ ಸಹಿ."

ನಗು ನಿಂತಿತು. "ಹಾಕಿದ್ರ ಈ ಕಂತು?" ಎಂದು ಬಳೆ ಅಕ್ಕ ಕೇಳಿದರು.

"ಅದು ಅದರಾಗ ಬರಂಗಿಲ್ಲ. ಅದಕ್ಕೂ ನನಗೂ ಸಂಬಂಧ ಇಲ್ಲ ಅಂದ್ರು ವಕೀಲ್ರು."

ಬಸ್ಸಿನಲ್ಲಿ ಅಷ್ಟು ಹಿತವಾಗಿದ್ದ ಮಾತು, ಪುಂಡಿಪಲ್ಲೆ ಕುದಿಯುವ ಆ ಮನೆಯಲ್ಲಿ ನನ್ನ ಬಾಯಿಂದ ಬಂದಾಗ ಹೊಲಸಾಗಿ ಕೇಳಿಸಿತು. ಯಾರಾದರೂ ಬೈದಿದ್ದರೆ ಅನುಕೂಲವಾಗುತ್ತಿತ್ತು. ಯಾರೂ ಬೈಯಲಿಲ್ಲ. ಎಲ್ಲರೂ ಊಟ ಮಾಡಿದರು. ಪಲ್ಲೆಗೆ ಉಪ್ಪು ಸಾಲದು ಎಂದರು. ಆಮೇಲೆ ಬಳೆ ಅಕ್ಕ ಸೆರಗಿನ ಗಂಟು ಬಿಚ್ಚಿ ಇನ್ನೂರು ರೂಪಾಯಿ ಚಾಪೆಯ ಮೇಲಿಟ್ಟರು. ಒಬ್ಬೊಬ್ಬರಾಗಿ ಉಳಿದವರೂ ಇಟ್ಟರು. ಒಬ್ಬರು ಗ್ಯಾಸಿನ ಸಿಲಿಂಡರಿಗೆಂದು ಮಡಚಿಟ್ಟಿದ್ದ ನೋಟಿನಿಂದ ಕೊಟ್ಟರು. ಮುದುಕಿ ಫೋನಿನ ಕವರಿನ ಹಿಂದಿನಿಂದ ನೂರರ ಒಂದು ನೋಟು ತೆಗೆದು, ಅದನ್ನು ಎರಡು ಸಲ ನೀವಿ, ನನ್ನ ಮುಂದೆ ಹಿಡಿದಳು.

"ಬರದಿಟ್ಕೋ. ಇದೂ ನಿನ್ನ ಐಪ್ಯಾಗ ಬರಂಗಿಲ್ಲ."

ವಸೂಲಿಯವನು ಎಣಿಸಿ ಪುಸ್ತಕ ಮುಚ್ಚಿದ. ಅವ್ವ ಅವನಿಗೂ ಎರಡು ರೊಟ್ಟಿ ಕಟ್ಟಿಕೊಟ್ಟಳು. ಹೆಂಗಸರು ಹೊರಟಾಗ ಬಳೆ ಅಕ್ಕ ಬಾಗಿಲಲ್ಲಿ ನಿಂತು, "ಮುಂದಿನ ಮಂಗಳವಾರ ಮತ್ತ ಬರ್ತೀವಿ ಯಕ್ಕ, ಉಪ್ಪು ನೋಡಿ ಹಾಕು," ಎಂದರು. ಅದು ತಮಾಷೆಯೂ ಹೌದು, ಎಚ್ಚರಿಕೆಯೂ ಹೌದು. ಸಂಘದ ಸಾಲದಲ್ಲಿ ಇನ್ನೂ ಇಪ್ಪತ್ತಾರು ಮಂಗಳವಾರಗಳು ಉಳಿದಿದ್ದವು.

ಸಂಜೆ ಅವ್ವ ಹಿಟ್ಟನ್ನೆಲ್ಲ ಮತ್ತೆ ಜರಡಿ ಹಿಡಿದಳು. ಬೋನಿನ ಬಾಯಿ ಮುಚ್ಚಿ ಅಟ್ಟಕ್ಕೆ ಹಾಕಿದಳು. ಕೆಳಗಿಳಿಯುತ್ತ, ನನ್ನ ಕಡೆ ನೋಡದೆ, "ಆ ಕುರ್ಚಿ ಎಷ್ಟಕ್ಕ ಹೋಗ್ತಾವ?" ಎಂದು ಕೇಳಿದಳು.

"ಮುಟ್ಟಬಾರದಂತ," ಎಂದೆ. "ಮುಟ್ಟಿದ್ರ ಐಪಿ ಇಲ್ಲ."

"ನಾ ಅದನ್ನ ಕೇಳಿಲ್ಲ. ಎಷ್ಟಕ್ಕ ಹೋಗ್ತಾವ ಅಂತ ಕೇಳಿದೆ."

ಲೆಕ್ಕ ಹಾಕಿ ಹೇಳಿದೆ. ಕುರ್ಚಿ, ಎಸಿ ಎರಡೂ ಸೇರಿದರೆ ಇಪ್ಪತ್ತಾರು ಮಂಗಳವಾರಗಳಿಗೆ ಸಾಕು, ಉಳಿದ ಆರಕ್ಕೆ ಒಂದು ಪೈಸೆಯೂ ಮಿಗುವುದಿಲ್ಲ. ಅವ್ವ ಹೂಂ ಎಂದು ಪಾತ್ರೆ ತಿಕ್ಕಲು ಕೂತಳು.

ಮರುದಿನ ಬೆಳಿಗ್ಗೆ ಗಂಗಾವತಿಯ ಬಸ್ ಹತ್ತಲಿಲ್ಲ. ರೀಡಿಂಗ್ ರೂಮಿನ ಬೀಗ ತೆಗೆದು, ಕುರ್ಚಿಗಳನ್ನು ಒರೆಸಿ, ಆರಾರರಂತೆ ನಾಲ್ಕು ಸಾಲಿನಲ್ಲಿ ನಿಲ್ಲಿಸಿ ಫೋಟೋ ತೆಗೆದೆ. ಫೋನಿನ ಕಿಂಡಿಗಳಲ್ಲಿ ಇನ್ನೂ ಹಿಟ್ಟಿತ್ತು. ನಾನು ಅಲ್ಲಿಯವರೆಗೆ ವಾಟ್ಸಾಪಿನಲ್ಲಿ ಒಂದು ಸ್ಟೇಟಸ್ ಕೂಡ ಹಾಕಿದವಳಲ್ಲ, ಹಬ್ಬದ ಶುಭಾಶಯವನ್ನೂ ಹಾಕಿರಲಿಲ್ಲ. ನಂಬರುಗಳಲ್ಲಿ ನನ್ನ ಪ್ರೊಫೆಸರರಿದ್ದರು, ಜೊತೆಗೆ ಓದಿದವರಿದ್ದರು, ಯಲಬುರ್ಗಾದ ಅತ್ತೆ ಇದ್ದಳು, ನನ್ನನ್ನು ನೋಡಿ ಹೋಗಿ ತಿಳಿಸುತ್ತೇವೆ ಎಂದಿದ್ದ ಎರಡು ಮನೆಗಳವರೂ ಇದ್ದರು. ಫೋಟೋದ ಕೆಳಗೆ ಬರೆದೆ: ಸಾಲದಿಂದ ರೀಡಿಂಗ್ ರೂಮ್ ಮುಚ್ಚಿದ್ದೇನೆ, ಕುರ್ಚಿ ಮತ್ತು ಎಸಿ ಮಾರಾಟಕ್ಕಿವೆ. ನನ್ನ ಹೆಸರು ಹಾಕಿದೆ. ಒತ್ತುವ ಮೊದಲು ಇನ್ನೊಮ್ಮೆ ಓದಿ, ಒಂದು ವಾಕ್ಯ ಸೇರಿಸಿದೆ: ಇಪ್ಪತ್ತನಾಲ್ಕರಲ್ಲಿ ಒಂದು ಕುರ್ಚಿಯ ಕಾಲು ಕುಂಟು.