ಅಕ್ಕನ ಚಿಕ್ಕಿಗಳ ಕೌದಿ

ಕರೆಂಟ್ ಹೋದಾಗ ಸಂಜೆ ಐದೂಮುಕ್ಕಾಲು. ನಾನು ಆಗಷ್ಟೇ ಗಡಿಯಾರ ನೋಡಲು ಕಲಿತಿದ್ದ ಹುಡುಗ. ಯಾರೂ ಕೇಳದಿದ್ದರೂ ಹೊತ್ತು ಹೇಳಿ ತೋರಿಸುವ ಚಟ. ಹಾಗಾಗಿ ಆ ಹೊತ್ತು ನನ್ನ ತಲೆಯಲ್ಲಿ ಹಾಗೇ ಕೂತುಬಿಟ್ಟಿದೆ ಮಕ್ಕಳೇ. ಆಮೇಲಿನ ಕತ್ತಲೆಯನ್ನು ನಾನು ಇವತ್ತಿಗೂ ಮತ್ತೆ ಮತ್ತೆ ತಿರುವಿ ನೋಡುತ್ತಿರುತ್ತೇನೆ.

ಆಗ ನಾವಿದ್ದದ್ದು ಕಲ್ಕತ್ತದಲ್ಲಿ. ಅಪ್ಪನಿಗೆ ರೈಲ್ವೆಯಲ್ಲಿ ಕೆಲಸ. ಸಿಯಾಲ್ದಾ ನಿಲ್ದಾಣದ ಸಿಳ್ಳೆ ಕೇಳಿಸುವಷ್ಟು ದೂರದಲ್ಲಿ ನಮ್ಮ ಕ್ವಾರ್ಟರ್ಸ್. ಧಾರವಾಡದಿಂದ ಅಜ್ಜಿಯೂ ನಮ್ಮ ಜೊತೆ ಬಂದಿದ್ದಳು. ಅಕ್ಕ ಕಾಲೇಜು ಓದುತ್ತಿದ್ದಳು. ತಮ್ಮ ಇನ್ನೂ ಅಂಬೆಗಾಲಿಡುವ ಕೂಸು. ಕೈಗೆ ಸಿಕ್ಕಿದ್ದೆಲ್ಲ ಅವನ ಬಾಯಿಗೆ.

ಆ ಚಳಿಗಾಲ ಅಕ್ಕ ತಮ್ಮನಿಗೊಂದು ಕೌದಿ ಹೊಲಿಯಲು ಹೊರಟಳು. ಗರಿಯಾಹಾಟ್‌ನ ಅಂಗಡಿಯೊಂದಕ್ಕೆ ಹೊಸ ಛಾಪಿನ ಹತ್ತಿ ಬಟ್ಟೆಗಳು ಬಂದಿದ್ದವು. ಒಂದರ ಮೇಲೆ ಪುಟ್ಟ ಮೊಗ್ಗು, ಇನ್ನೊಂದರ ಮೇಲೆ ಅದೇ ಮೊಗ್ಗು ಅರಳಿದ ಹೂವು, ಮತ್ತೊಂದರಲ್ಲಿ ಬರೀ ಬಳ್ಳಿ. ಸಾಸಿವೆ ಹೂವಿನ ಹಳದಿ, ಇಟ್ಟಿಗೆ ಕೆಂಪು, ಕಡುನೀಲಿ. ಎಲ್ಲ ಒಂದೇ ಮನೆಯ ಮಕ್ಕಳಂತೆ ಕಾಣುತ್ತಿದ್ದವು. ಅಕ್ಕ ಹಳೆಯ ಪೇಪರನ್ನು ಬರ್ಫಿಯ ಆಕಾರಕ್ಕೆ ಕತ್ತರಿಸಿ, ಅದರ ಅಳತೆಗೆ ಬಟ್ಟೆ ಕತ್ತರಿಸಿ, ಎಂಟೆಂಟು ತುಂಡುಗಳ ಮೊನೆಗಳನ್ನು ನಡುವೆ ಕೂಡಿಸಿ ನಕ್ಷತ್ರ ಮಾಡುತ್ತಿದ್ದಳು. ನಮ್ಮ ಕಡೆ ನಕ್ಷತ್ರಕ್ಕೆ ಚಿಕ್ಕಿ ಎನ್ನುತ್ತಾರೆ. ಹೊಸ ಬಟ್ಟೆಯ ಗಂಜಿ ವಾಸನೆ ಮನೆಯೆಲ್ಲ ತುಂಬಿತ್ತು.

ಅಜ್ಜಿಗೆ ಮಾತ್ರ ಆ ಬಟ್ಟೆಯ ಮೇಲೆ ಮೊದಲಿನಿಂದಲೂ ಅನುಮಾನ.

"ಕೂಸಿಗೆ ಹೊಸಾ ಅರಿವಿ ಆಗಿಬರೂದಿಲ್ಲ. ಕೌದಿ ಅಂದ್ರ ಹಳೇ ಅರಿವೀದು. ನಾಕ್ ಮಂದಿ ಮೈ ಕಂಡಿರಬೇಕು."

"ಒಳಗೆಲ್ಲಾ ನಿನ್ನ ಹಳೇ ಸೀರೀನ ಹಾಕ್ತೀನಿ ಅಜ್ಜಿ. ಮ್ಯಾಲೆ ನನ್ನ ಚಿಕ್ಕಿ ಇರ್ಲಿ ಬಿಡು."

ಆ ಸಂಜೆ ಇಬ್ಬರೂ ನೆಲದ ಮೇಲೆ ಕೌದಿ ಹರವಿಕೊಂಡು ಎದುರುಬದುರು ಕೂತು ಹೊಲಿಯುತ್ತಿದ್ದರು. ಪಕ್ಕದ ಮನೆಯ ಬಂಗಾಳಿ ಮಾಸಿಮಾ ನೋಡಲು ಬಂದು ಅಂಚಿನಲ್ಲಿ ಕೂತಿದ್ದರು. ತಮ್ಮ ಚಿಕ್ಕಿಯಿಂದ ಚಿಕ್ಕಿಗೆ ತೆವಳುತ್ತಿದ್ದ. ಅಕ್ಕ ಇನ್ನೊಂದು ಸೂಜಿ ಕೇಳಿದಳು. ನಮ್ಮ ಮನೆಯಲ್ಲಿ ಸೂಜಿಯನ್ನು ಕೈಯಿಂದ ಕೈಗೆ ಕೊಡುತ್ತಿರಲಿಲ್ಲ, ಕೊಟ್ಟರೆ ಜಗಳವಾಗುತ್ತದೆಂದು. ಕೆಳಗಿಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ಅಜ್ಜಿ ದಾರವಿಲ್ಲದ ಸೂಜಿಯೊಂದನ್ನು ಕೌದಿಯ ಮೇಲಿಟ್ಟಳು. ಅಕ್ಕ ಕೈ ಚಾಚಿದಳು.

ಅಷ್ಟರಲ್ಲಿ ಕರೆಂಟ್ ಹೋಯಿತು.

ಕತ್ತಲೆಗೆ ತಮ್ಮ ಕಿಟಾರನೆ ಕಿರುಚಿದ. ಅಮ್ಮ ಅಡಿಗೆಮನೆಯಿಂದ ಓಡಿಬಂದು, ಕೌದಿಯನ್ನೂ ಕೂಸನ್ನೂ ಒಟ್ಟಿಗೇ ಬಾಚಿ ಎತ್ತಿಕೊಂಡಳು. ಕಂದೀಲು ಹಚ್ಚಿದ ಮೇಲೆ ಅಜ್ಜಿ ಕೇಳಿದಳು: "ಸೂಜಿ ತಗೊಂಡ್ಯಲ್ಲಾ?"

"ನಾ ಎಲ್ಲಿ ತಗೊಂಡೆ? ನೀ ಇಟ್ಟೇ ಇಲ್ಲಲ್ಲಾ!"

"ಇಟ್ಟೀನವಾ! ಈ ಕೈಲೆ ಇಟ್ಟೀನಿ!"

ತಮ್ಮ ಏನನ್ನೋ ಚೀಪುತ್ತಿದ್ದ. ಅಮ್ಮ ಅವನ ಬಾಯಿಗೆ ಬೆರಳು ಹಾಕಿ ತೆಗೆದರೆ ಸಿಕ್ಕಿದ್ದು ಒಂದು ಚೂರು ಹಳದಿ ಬಟ್ಟೆ. ಅದಕ್ಕೂ ಮೊದಲು ಏನು ಚೀಪಿದ್ದನೋ ಯಾರಿಗೆ ಗೊತ್ತು? ಅಪ್ಪ ಅವನನ್ನು ಎತ್ತಿಕೊಂಡು ಚಪ್ಪಲಿಯೂ ಇಲ್ಲದೆ ಟ್ಯಾಕ್ಸಿಗೆ ಓಡಿದ. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಹೊಟ್ಟೆಯಲ್ಲಿ, ಗಂಟಲಲ್ಲಿ ಏನೂ ಇಲ್ಲ ಎಂದು ಡಾಕ್ಟರು ಹೇಳಿದಾಗ ಅಪ್ಪ ಅಲ್ಲೇ ಬೆಂಚಿನ ಮೇಲೆ ಕುಸಿದು ಕೂತನಂತೆ.

ಹೊಟ್ಟೆಯಲ್ಲಿಲ್ಲ. ಹಾಗಾದರೆ ಎಲ್ಲಿ?

ಅಲ್ಲಿಂದ ನಮ್ಮ ಮನೆಗೆ ಸಂಶಯದ ರೋಗ ಹತ್ತಿತು. ಅಜ್ಜಿ ಮಾಸಿಮಾ ಅವರ ಸೆರಗನ್ನೇ ದಿಟ್ಟಿಸುತ್ತಿದ್ದಳು. ಅವರಿಗೆ ಗೊತ್ತಾಗಿ, ಬಾಗಿಲಲ್ಲೇ ನಿಂತು ಸೆರಗನ್ನು ಮೂರು ಸಲ ಪಟಪಟನೆ ಕೊಡವಿ, "ದೇಖೋ, ಕುಛ್ ನಹೀಂ" ಎಂದು ಮುಖ ಊದಿಸಿಕೊಂಡು ಹೋದರು. ಅಮ್ಮ ಎಕ್ಸ್‌ರೇಯನ್ನೇ ನಂಬಲಿಲ್ಲ. ತಮ್ಮ ಅತ್ತರೂ ಎದ್ದು ಕೂರುವಳು, ಅಳದಿದ್ದರೂ ಎದ್ದು ಕೂರುವಳು. ಅವಳು ಹಾಸಿಗೆ ತಡವುವ ಸದ್ದಿಗೆ ಎಲ್ಲರಿಗೂ ಎಚ್ಚರವಾಗುತ್ತಿತ್ತು. ನಾನಂತೂ ನಡೆಯುವಾಗಲೂ ನೆಲ ನೋಡಿ ಹೆಜ್ಜೆ ಇಡುತ್ತಿದ್ದೆ. ಹೊಳೆಯುವ ಮೀನಿನ ಮುಳ್ಳು ಕಂಡರೂ ಬಗ್ಗಿ ನೋಡುತ್ತಿದ್ದೆ.

ಎಲ್ಲಕ್ಕಿಂತ ಹೆಚ್ಚಿನ ಅನುಮಾನ ಆ ಕೌದಿಯ ಮೇಲೆ. ಅಪ್ಪ ಮತ್ತು ಅಕ್ಕ ಅದನ್ನು ಕೊಡವಿದರು, ತಿರುವಿದರು, ಅಂಗೈ ಒತ್ತಿ ಒತ್ತಿ ನೋಡಿದರು. ಏನೂ ಸಿಗಲಿಲ್ಲ. ಸಿಗದಷ್ಟೂ ಹೆದರಿಕೆ ಹೆಚ್ಚಾಯಿತು. ಮೂಲೆಯಲ್ಲಿ ಮಡಚಿಟ್ಟಿದ್ದ ಆ ಚೆಂದದ ಚಿಕ್ಕಿಗಳು ಏನನ್ನೋ ಬಚ್ಚಿಟ್ಟುಕೊಂಡು ನಮ್ಮನ್ನೇ ನೋಡುತ್ತಿದ್ದಂತೆ ನನಗೆ ಅನಿಸುತ್ತಿತ್ತು.

ಅಜ್ಜಿ, ಅಕ್ಕ ಮಾತು ಬಿಟ್ಟರು. ಅಜ್ಜಿ ಸೂಜಿ ಇಡಲೇ ಇಲ್ಲ ಎಂದು ಅಕ್ಕ, ಅಕ್ಕ ಎತ್ತಿಕೊಂಡು ಮರೆತಳು ಎಂದು ಅಜ್ಜಿ. ನಡುವೆ ನಾನೇ ಅಂಚೆಯವ.

"ನಿಮ್ಮಕ್ಕಗ ಹೇಳಪಾ, ಚಹಾ ಆರಾಕತ್ತೈತಿ."

"ನಿಮ್ಮಜ್ಜಿಗೆ ಹೇಳು, ನನಗ ಚಹಾ ಬ್ಯಾಡ."

ಕೊನೆಗೆ ಅಮ್ಮ, "ನಾಳೆ ಇದನ್ನ ಕಸದಾಗ ಒಗದುಬಿಡ್ತೀನಿ. ನನ್ನ ಕೂಸು ಇದರ ಮ್ಯಾಲೆ ಮಲಗೂದಿಲ್ಲ" ಎಂದಳು. ಅಕ್ಕ ಸೂಜಿ ಚುಚ್ಚಿ ಚುಚ್ಚಿ ಒರಟಾಗಿದ್ದ ಬೆರಳನ್ನು ಸುಮ್ಮನೆ ತಿಕ್ಕಿಕೊಳ್ಳುತ್ತ ಕೂತಳು.

ಮರುದಿನ ಮಧ್ಯಾಹ್ನ ನಾನು ಶಾಲೆಯಿಂದ ಬಂದು ನೋಡುತ್ತೇನೆ: ವರಾಂಡದ ಬಿಸಿಲಲ್ಲಿ ಕೌದಿ ಹಾಸಿ, ಶಾಲು ತೆಗೆದಿಟ್ಟು, ಅಜ್ಜಿ ಅದರ ಮೇಲೆ ಉರುಳುತ್ತಿದ್ದಾಳೆ! ಬರಿಯ ತೋಳು, ಬರಿಯ ಮೊಣಕಾಲು ಒತ್ತಿ, ಈ ಅಂಚಿನಿಂದ ಆ ಅಂಚಿಗೆ.

"ಅತ್ತೀ! ಏನ್ ಮಾಡಾಕತ್ತೀರಿ?" ಅಮ್ಮ ಚೀರಿದಳು.

"ಕೂಸಿಗೆ ಚುಚ್ಚೂಕಿಂತ ನನಗ ಚುಚ್ಚಲಿ. ನನ್ನ ತೊಗಲು ದಪ್ಪ ಐತಿ."

"ಅಜ್ಜಿ, ಏಳು! ಕಣ್ಣಿಗೆ ಗಿಣ್ಣಿಗೆ ಚುಚ್ಚಿದ್ರ?" ಅಕ್ಕ ನೇರವಾಗಿ ಅವಳೊಡನೆ ಮಾತಾಡಿದ್ದು ಅಷ್ಟು ದಿನಗಳ ಮೇಲೆ ಅದೇ ಮೊದಲು. ಅಜ್ಜಿ ಏಳಲಿಲ್ಲ. ಅಕ್ಕ ಒಂದು ಗಳಿಗೆ ನಿಂತು ನೋಡಿ, ತಾನೂ ಮಲಗಿ ಇನ್ನೊಂದು ಕಡೆಯಿಂದ ಉರುಳತೊಡಗಿದಳು.

"ಹಾ! ಸಿಕ್ತು!" ಅಜ್ಜಿ ಕೂಗಿದಳು. ಮೊಣಕೈಯಲ್ಲಿ ಸಾಸಿವೆ ಕಾಳಿನಷ್ಟು ರಕ್ತ, ಮುಖದ ತುಂಬ ನಗು.

ಒಂದು ಚಿಕ್ಕಿಯ ಎಂಟೂ ಮೊನೆಗಳು ಕೂಡುವ ಜಾಗದಲ್ಲಿ ಬಟ್ಟೆಯ ಅಂಚುಗಳು ಒಂದರ ಮೇಲೊಂದು ಸೇರಿ ಗಂಟಿನಂತಾಗಿತ್ತು. ಅಮ್ಮ ಬಾಚಿ ಎತ್ತಿದಾಗ ಸೂಜಿ ಅದರೊಳಗೆ ತೂರಿಹೋಗಿತ್ತು. ಅಂಗೈ ಒತ್ತಿದರೆ ಹತ್ತುತ್ತಿರಲಿಲ್ಲ. ಮೈಭಾರವೆಲ್ಲ ಬಿದ್ದಾಗ ಮಾತ್ರ ಮೊನೆ ಹೊರಗೆ ಬಂತು. ಅಜ್ಜಿ ಅದನ್ನು ಎಳೆದು ತೆಗೆದು, ಕೆಳಗಿಡದೆ, ಅಕ್ಕನ ಅಂಗೈಯಲ್ಲೇ ಇಟ್ಟಳು.

"ಜಗಳ ಆಗತದ ಅಜ್ಜಿ," ಎಂದಳು ಅಕ್ಕ.

"ಇನ್ನ ಏನ್ ಆಗೂದು ಉಳದೈತಿ?" ಎಂದಳು ಅಜ್ಜಿ. ಅಮ್ಮ ಬಾಯಿಗೆ ಸೆರಗು ಹಿಡಿದು ಅಳುತ್ತಲೇ ನಕ್ಕಳು. ಮಾಸಿಮಾ ಅವರನ್ನು ಕರೆತರಲು ನನ್ನನ್ನೇ ಓಡಿಸಿದರು.

ಅವತ್ತು ತಮ್ಮ ಆ ಚಿಕ್ಕಿಗಳ ಮೇಲೆ ಕೈಕಾಲು ಚೆಲ್ಲಿ ಮಲಗಿದ. ಅಮ್ಮ ಒಮ್ಮೆಯೂ ಏಳಲಿಲ್ಲ. ಬೆಳಿಗ್ಗೆ ಹಾಲಿನವನು ಬಾಗಿಲು ಬಡಿದು ಬಡಿದು ಎಬ್ಬಿಸುವವರೆಗೆ ಮನೆಮಂದಿಯೆಲ್ಲ ನಿದ್ದೆಯಲ್ಲಿದ್ದೆವು.

ನಿಮ್ಮ ಹೊದಿಕೆಗಳು ಫೋನಿನಲ್ಲಿ ಬೆರಳಾಡಿಸಿದರೆ ಪ್ಲಾಸ್ಟಿಕ್ ಚೀಲದಲ್ಲಿ ಮನೆಗೇ ಬರುತ್ತವೆ. ಯಾರು ಹೊಲಿದರೋ ಗೊತ್ತಿಲ್ಲ, ಯಾರ ಮೇಲೂ ಅನುಮಾನ ಪಡಬೇಕಾಗಿಲ್ಲ. ಏನಾದರೂ ದೋಷ ಕಂಡರೆ ವಾಪಸ್ ಕಳಿಸುತ್ತೀರಿ. ನಮ್ಮದನ್ನು ವಾಪಸ್ ಕಳಿಸಲು ಯಾವ ವಿಳಾಸವೂ ಇರಲಿಲ್ಲ ಮಕ್ಕಳೇ. ಮನೆಯವರೇ ಯಾರಾದರೂ ಮೊದಲು ಅದರ ಮೇಲೆ ಮಲಗಿ ನೋಡಬೇಕಿತ್ತು.